ಕೊಟ್ರೇಶ ಕಳಿಸಿದ ಕಣ್ಣು

ಮಕ್ತಲ್‌ನ ತವರುಮನೆಯಲ್ಲಿ ಭಾಗ್ಯಜ್ಯೋತಿಗೆ ಮೂರು ತಿಂಗಳಿಂದ ಹಗಲೂ ಕನಸಿನ ಹಾಗೆಯೇ ಸರಿಯುತ್ತಿತ್ತು. ಉಂಡು ಪಡಸಾಲೆಯಲ್ಲಿ ಒರಗಿದರೆ ಸಾಕು, ಗದ್ವಾಲದ ಗಂಡನ ಮನೆಯ ಮಗ್ಗ ಎಲ್ಲೋ ಹತ್ತಿರದಲ್ಲೇ ಆಡುತ್ತಿದೆ ಅನ್ನಿಸುವುದು. ಎದ್ದು ನೋಡಿದರೆ ಅವ್ವ ವೀರಬಸಮ್ಮ ಜೋಳ ಹಸನು ಮಾಡುವ ಮೊರದ ಸದ್ದು. ಮತ್ತೆ ಕಣ್ಣು ಮುಚ್ಚಿದರೆ ಮತ್ತೆ ಮಗ್ಗ.

ಬರುವ ಸೋಮವಾರ ಎರಡೂ ಕಡೆಯ ಹಿರಿಯರು ಕೂಡುವವರಿದ್ದರು. ಅವಳು ಗಂಡ ಕೊಟ್ರೇಶನ ಮನೆಗೆ ಮರಳುತ್ತಾಳೋ, ಬಿಡುಗಡೆಯೋ, ಅಂದೇ ತೀರ್ಮಾನ. ಇನ್ನು ನಾಲ್ಕು ದಿನ.

ಜಗಳಕ್ಕೆ ಮೂಲ ಒಂದು ಸೀರೆ. ಗಿಳಿಸಾಲಿನ ಅಂಚಿನ ಆ ಸೀರೆಗೆ ಬಣ್ಣ ಆರಿಸಿದವಳೂ ಅವಳೇ, ಕೂತು ನೇಯ್ದವಳೂ ಅವಳೇ. ಕೊಳ್ಳಲು ಬಂದ ಸಾಹುಕಾರ ಬಾಯಿತುಂಬ ಹೊಗಳಿ "ಯಾರ ಕೈಗೆಲಸ ಇದು?" ಅಂದಾಗ ಕೊಟ್ರೇಶ ಮೀಸೆಯ ಮೇಲೆ ಕೈಯಾಡಿಸಿ "ನಂದ ರೀ" ಅಂದುಬಿಟ್ಟ. ಹೆಂಡತಿ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಡಸರಿಗೆ ಈ ಚಟ ಹಳೆಯದು, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆಮೇಲೂ ತಪ್ಪಾಯಿತು ಅನ್ನಲಿಲ್ಲ ಮಹಾರಾಯ. "ಮನಿ ಒಂದ ಅಲ್ಲೇನು, ಕೈ ಯಾರದಾದ್ರ ಏನು" ಅಂದ.

ಅವರಿಬ್ಬರಿಗೂ ಸೇರಿ ಒಂದೇ ಫೋನು. ಹೈದರಾಬಾದಿನ ಪ್ರದರ್ಶನದಲ್ಲಿ ಸೀರೆ ಕೊಂಡ ಹೆಣ್ಣುಮಗಳೊಬ್ಬಳು ತಾನು ಬಳಸಿದ್ದನ್ನು ಪ್ರೀತಿಯಿಂದ ಕೊಟ್ಟಿದ್ದಳು. ಅದರ ಬ್ಯಾಟರಿ, ಸ್ಪೀಕರ್, ಕ್ಯಾಮೆರಾ, ಪರದೆ ಎಲ್ಲವೂ ಬಿಡಿಬಿಡಿ; ಕೆಟ್ಟದ್ದನ್ನು ತೆಗೆದು ಹೊಸದು ಕೂಡಿಸಿದರೆ ಆಯಿತು. ಗದ್ವಾಲದ ಸೀರೆಯೂ ಹಾಗೆಯೇ ತಾನೆ? ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಎಲ್ಲ ಕೂಡಿಸಿದ್ದು. ಅದಕ್ಕೇ ಭಾಗ್ಯಜ್ಯೋತಿಗೆ ಆ ಫೋನೆಂದರೆ ಜೀವ. ಎರಡು ಸಲ ಬ್ಯಾಟರಿ ಅವಳೇ ಬದಲಿಸಿದ್ದಳು. ಕೊಟ್ರೇಶನಿಗೆ ಅದರಲ್ಲಿ ಮಾತಾಡಲು ಬರುತ್ತಿತ್ತು, ಅಷ್ಟೇ.

ಮನೆ ಬಿಟ್ಟ ದಿನ ಅವಳು ಸಣ್ಣ ಸ್ಕ್ರೂಡ್ರೈವರಿನಿಂದ ಕ್ಯಾಮೆರಾ ಬಿಚ್ಚಿ ಮಗ್ಗದ ಮೇಲಿಟ್ಟಳು. "ನಾ ನೇಯೋದನ್ನ ಈ ಕಣ್ಣು ದಿನಾ ನೋಡೇತಿ. ಆ ಸೀರಿ ಯಾರು ನೇಯ್ದ್ರು ಅಂತ ಇದನ್ನ ಕೇಳ್ರಿ" ಅಂತ ಗಂಡನಿಗೆ ಹೇಳಿ, ಉಳಿದ ಫೋನನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಮಕ್ತಲ್‌ಗೆ ಬಂದ ಮೇಲೆ ಹೊಸ ಕ್ಯಾಮೆರಾ ತರಿಸಬಹುದಿತ್ತು. ತರಿಸಲಿಲ್ಲ. ಫೋನಿನ ಬೆನ್ನ ಮೇಲಿನ ಆ ಖಾಲಿ ಗುಳಿಯಲ್ಲಿ ಬೆರಳಿಟ್ಟುಕೊಂಡು ಕೂಡುವುದು ರೂಢಿಯಾಯಿತು.

"ಹಲ್ಲು ಬಿದ್ದ ಕೂಸಿನಂಗ ಅದನ್ನ ಮುಟ್ಟಿ ಮುಟ್ಟಿ ನೋಡಬ್ಯಾಡ" ಅಂತ ಅವ್ವ ಗದರುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ಗದ್ವಾಲದಿಂದ ಬಂದ ಬಳೆಗಾರತಿ ಮೊಗುಲಮ್ಮ ಒಂದು ಪುಟ್ಟ ಗಂಟು ಕೊಟ್ಟು ಹೋದಳು. ರೇಷ್ಮೆಯ ತುಂಡಿನೊಳಗೆ ಕ್ಯಾಮೆರಾ. ಚೀಟಿಯಿಲ್ಲ, ಮಾತಿಲ್ಲ. ಭಾಗ್ಯಜ್ಯೋತಿ ಕೂಡಲೇ ಅದನ್ನು ಕೂಡಿಸಿ ತೆರೆದಳು. ಪರದೆಯ ಮೇಲೆ ಅವ್ವನ ಮೊರ, ನೆಲದ ಬಿಸಿಲು, ಬಿಸಿಲಲ್ಲಿ ತೇಲುವ ಜೋಳದ ಹೊಟ್ಟು. ಮತ್ತೇನಿಲ್ಲ.

ನನ್ನದನ್ನು ನನಗೆ ತಿರುಗಿಸಿಬಿಟ್ಟ, ಮುಗಿಯಿತು ಅಂದುಕೊಂಡಳು. ಇಷ್ಟು ದಿನ ಹಟ ಹಿಡಿದವಳಿಗೆ ಆಗ ದುಃಖ ಒತ್ತರಿಸಿ ಬಂತು. ಅವನು ಬೇಕಾಗಿದ್ದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗದ್ವಾಲದ ನೆರೆಮನೆ ಶ್ರೀನಿವಾಸುಲು ಅವರ ನಂಬರು, ಕೊಟ್ರೇಶನ ದನಿ.

"ಮುಟ್ಟಿತಾ, ಜ್ಯೋತಿ?"

"ಮುಟ್ಟೇತ್ರಿ."

"ಹಾಕಿ ನೋಡಿದಿ? ಎಲ್ಲಾ ಕಂಡಿತಾ?"

"ಏನು ಕಾಣಬೇಕಿತ್ರಿ?"

ಅವನು ತಡವರಿಸಿದ. "ನಾ ಸಾಹುಕಾರನ ಅಂಗಡಿಗೆ ಹೋಗಿದ್ನಲ್ಲ. ಆ ಕಣ್ಣನ್ನ ಅಂಗೈ ಮ್ಯಾಲೆ ಹಿಡಕೊಂಡ ನಿಂತಿದ್ನಿ. ಆ ಗಿಳಿ ಸೀರಿ ನೇಯ್ದಾಕಿ ನನ್ನ ಹೇಣ್ತಿ, ನಾ ಸುಳ್ಳು ಹೇಳಿದ್ನಿ ಅಂದೆ. ಏಳೆಂಟು ಮಂದಿ ಇದ್ರು, ನಕ್ರು. ಅದು ನೋಡಾಕತ್ತಿತ್ತಲ್ಲ."

ಭಾಗ್ಯಜ್ಯೋತಿಗೆ ಈಗ ತಿಳಿಯಿತು. ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟುಗಳ ಸರ ತೂಗುತ್ತಿರುತ್ತದೆ. ಗಿಳಿಯ ಚಿತ್ತಾರವಿರುವುದು ಆ ತೂತುಗಳಲ್ಲೇ. ಸರ ಬಿಚ್ಚಿ ಬೇರೆ ಮಗ್ಗಕ್ಕೆ ಕಟ್ಟಿದರೆ ಅದೇ ಗಿಳಿ ಅಲ್ಲಿ ಮೂಡುತ್ತದೆ. ಹುಟ್ಟಿದಾಗಿನಿಂದ ಅದನ್ನೇ ಕಂಡ ನೇಕಾರ, ಕ್ಯಾಮೆರಾದ ಕಣ್ಣೂ ಹಾಗೇ ಅಂದುಕೊಂಡಿದ್ದ. ಅಲ್ಲಿ ಕಂಡದ್ದನ್ನೆಲ್ಲ ತಂದು ಇಲ್ಲಿ ಮೂಡಿಸುತ್ತದೆಂದು ನಂಬಿ, ಅದರೆದುರು ತಪ್ಪೊಪ್ಪಿಕೊಂಡಿದ್ದ. ಅದನ್ನು ಕೇಳಿರಿ ಅಂದವಳೂ ತಾನೇ.

"ಏನೂ ಮೂಡಿಲ್ರಿ" ಅಂದಳು ಮೆಲ್ಲಗೆ. "ಅದು ಬರೇ ನೋಡತೈತಿ. ತನ್ನ ಹತ್ರ ಇಟ್ಕೊಳ್ಳಂಗಿಲ್ಲ."

"ಹಂಗಾರ ನಾ ಅಂದಿದ್ದೆಲ್ಲಾ ಹೋತಾ?"

ಚಿತ್ರವಿಲ್ಲ, ಇರುವುದು ಅವನ ಮಾತೊಂದೇ. ಒಮ್ಮೆ ಸುಳ್ಳಾಡಿದ ಬಾಯಿಯ ಮಾತು. ಸಾಹುಕಾರನನ್ನು ವಿಚಾರಿಸಬಹುದಿತ್ತು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಅವತ್ತು ಯಾವ ಅಂಗಿ ಹಾಕ್ಕೊಂಡಿದ್ರಿ?"

"ನೀಲಿ ಗೆರೀದು. ಗುಂಡಿ ಕಿತ್ತಿದ್ದು."

"ಅವ್ರು ನಕ್ಕಾಗ?"

"ತಲಿ ತಗ್ಗಿಸ್ಲಿಲ್ಲ. ಚಾಚಿದ ಕೈನೂ ಇಳಸ್ಲಿಲ್ಲ."

ಅವನು ಹೇಳುತ್ತ ಹೋದ. ಅಂಗಡಿಯ ಬಿಳಿ ಗಾದಿ, ಸೀರೆಗಳ ರಾಶಿ, ಗುಂಡಿಯಿಲ್ಲದ ಅಂಗಿ, ಮುಂದೆ ಚಾಚಿದ ಅಂಗೈ ಒಂದೊಂದಾಗಿ ಬಂದು ನಿಂತವು.

"ಕಾಣಾಕತ್ತೇತ್ರಿ" ಅಂದಳು. ಆಮೇಲೆ, ಫೋನಿಗೆ ಕೈ ಅಡ್ಡ ಹಿಡಿಯದೆ, ಅವನಿಗೂ ಕೇಳುವ ಹಾಗೆ ತಾಯಿಯನ್ನು ಕರೆದಳು: "ಅವ್ವಾ, ಸೋಮವಾರ ಹಿರ್ಯಾರು ಬರೋದು ಬ್ಯಾಡಂತ ಹೇಳಿ ಕಳಸು."