ಸಂಜೀವಿನಿ ತಣಿಯುವ ತನಕ

ಗುಂಡಿಯ ಮೇಲಿನ ಬೂದು ನೆರಳು ಇನ್ನೂ ಅರ್ಧಕ್ಕೂ ಸರಿದಿಲ್ಲ, ಗಡಿಯಾರದ ಮುಳ್ಳಿನ ಹಾಗೆ ಪೂರ್ತಿ ಒಂದು ಸುತ್ತು ಬಂದು ಅದು ಅಳಿಸಿಹೋಗಬೇಕು, ಆಗ ಗುಂಡಿ ಹೊಳೆಯುತ್ತದೆ, ಹೊಳೆದ ಮೇಲೆ ಒತ್ತಬೇಕು, ಅಷ್ಟೇ ತಾನೆ, ಇಷ್ಟು ಚಿಕ್ಕ ಕೆಲಸಕ್ಕೆ ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅದರ ಮೇಲೇ ಕೂತಿದ್ದೇನೆ, ನಲವತ್ತು ದಾಟಿದ ಹೆಂಗಸು, ಭಾನುವಾರ ಮಧ್ಯಾಹ್ನ, ಉಂಡ ತಟ್ಟೆ ಇನ್ನೂ ಸಿಂಕಿನಲ್ಲಿ, ಕಿವಿಗೆ ಹೆಡ್‌ಫೋನು, ಯಾರಾದರೂ ನೋಡಿದರೆ ನಗುತ್ತಾರೆ, ನಗಲಿ, ನನ್ನ ಗಂಟೇನು ಹೋಗುತ್ತದೆ. ಕಂಪ್ಯೂಟರಿನೊಳಗೆ ಹಿಮರಾಕ್ಷಸ ಗುಹೆಯ ಬಾಗಿಲು ತುಂಬಿಕೊಂಡು ನಿಂತಿದ್ದಾನೆ, ಅವನೆದುರು ಗುರಾಣಿ ಹಿಡಿದು ನನ್ನ ತಮ್ಮ, ಪಕ್ಕದ ಬಂಡೆಯ ಮೇಲೆ ಬಿಲ್ಲು ಹಿಡಿದ ನಾದಿನಿ, ಅವಳ ಹಿಂದೆ ಬೆಂಕಿಯ ಮಂತ್ರ ಹಾಕುವ ಅವಳ ಗಂಡ, ಆಟದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿರುವುದರಿಂದ ನಾವು ಅವನನ್ನು ಪಂಡಿತ ಎನ್ನುವುದು, ಎಲ್ಲರಿಗಿಂತ ಹಿಂದೆ ಬಿಳಿ ನಿಲುವಂಗಿಯ ವೈದ್ಯೆ, ಅದು ನಾನು. ಅವರವರು ಅವರವರ ಮನೆಯಲ್ಲಿ, ದನಿಗಳು ಮಾತ್ರ ನನ್ನ ಕಿವಿಯಲ್ಲಿ, ತಲೆಯ ಮೇಲೆ ಅವರವರ ಪ್ರಾಣದ ಗೆರೆ, ತುಂಬಿದ್ದರೆ ಹಸಿರು, ಸವೆದರೆ ಕೆಂಪು, ಅಕ್ಕಾ, ಸಂಜೀವಿನಿ ತಣೀತಾ, ಇಲ್ಲ ಕಣೋ, ಇನ್ನೂ ಇದೆ. ತಣಿಯುವುದು ನಮ್ಮ ಮನೆಯ ಮಾತು, ಆಟದವರು ಕೂಲ್‌ಡೌನ್ ಎನ್ನುತ್ತಾರೆ, ಒಮ್ಮೆ ಹಾಕಿದ ಮಂತ್ರ ತಣಿಯುವ ತನಕ ಮತ್ತೆ ಕೈಗೆ ಬರುವುದಿಲ್ಲ, ಒಬ್ಬರಿಗೆ ಹಚ್ಚುವ ಮುಲಾಮು ಮಂತ್ರ ಕಣ್ಣು ಮಿಟುಕಿಸುವುದರೊಳಗೆ ತಣಿಯುತ್ತದೆ, ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ಸಂಜೀವಿನಿಗೆ ಮಾತ್ರ ಒಂದೂವರೆ ನಿಮಿಷ, ಅಷ್ಟರಲ್ಲಿ ಈ ರಾಕ್ಷಸ ನಾಲ್ಕೂ ಹೆಣ ಉರುಳಿಸಬಲ್ಲ.

ಹೋದ ವಾರ ಉರುಳಿಸಿದ್ದ, ಅದರ ಹಿಂದಿನ ವಾರವೂ, ಎಷ್ಟು ವಾರದಿಂದ ಇದೇ ಗುಹೆಯ ಬಾಗಿಲಲ್ಲಿ ಮಣ್ಣು ಮುಕ್ಕುತ್ತಿದ್ದೇವೆ, ಅದೂ ನನ್ನಿಂದ, ಎಲ್ಲರ ಗೆರೆಯೂ ಹಸಿರಾಗಿರುವಾಗ ನನ್ನ ಸಂಜೀವಿನಿ ತಾನಾಗಿಯೇ ಹಾರಿಹೋಗುತ್ತಿತ್ತು, ಗಟ್ಟಿಮುಟ್ಟಾಗಿ ನಿಂತವರ ಮೇಲೆ ಹೊಂಬೆಳಕು ಸುರಿಯುತ್ತಿತ್ತು, ನೋಡಲು ಚಂದವೇ, ಹಿಂದೆಯೇ ರಾಕ್ಷಸನ ಮುಷ್ಟಿ, ಬಾಲ, ಹಿಮಗಾಳಿ, ತಮ್ಮನ ಗೆರೆ ಕೂದಲೆಳೆಯಷ್ಟು ಕೆಂಪು, ಆಮೇಲೆ ಅದೂ ಇಲ್ಲ, ನಾನೋ ಬೂದು ಗುಂಡಿಯನ್ನು ಟಕಟಕ ಒತ್ತುತ್ತ, ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರ ಹಾಗೆ. ನಾನು ಒತ್ತಿಲ್ಲಪ್ಪ, ಅದೇ ಹೋಯ್ತು, ಎಂದರೆ ಯಾರು ನಂಬುತ್ತಾರೆ, ಆಟಕ್ಕೇನು ದೆವ್ವ ಹಿಡಿದಿದೆಯಾ ಅಕ್ಕ, ಎಂದ ಪಂಡಿತ, ನಕ್ಕೇ ಎಂದ, ಆಮೇಲೆ ನಗದೆ, ಇನ್ನೊಂದ್ ಸಲ ಹೀಗಾದ್ರೆ ಅಕ್ಕ ಬಿಲ್ಲು ಹಿಡ್ಕೊಳ್ಳಲಿ, ವೈದ್ಯಕ್ಕೆ ನಮ್ಮ ಆಫೀಸಿನೋರು ಒಬ್ರಿದಾರೆ, ಕರೀತೀನಿ. ಕಳ್ಳನನ್ನು ಹಿಡಿದುಕೊಟ್ಟವಳು ನಾದಿನಿ, ಮಾರನೆಯ ದಿನ ಫೋನು ಮಾಡಿ, ಅತ್ತಿಗೆ, ನಿಮ್ ಮೈಕಲ್ಲಿ ಯಾವಾಗ್ಲೂ ಟಕಟಕ ಟಕಟಕ ಅಂತ ಕೇಳ್ಸುತ್ತೆ, ಮರಕುಟಿಗ ಏನಾದ್ರೂ ಸಾಕಿದೀರಾ, ತಣಿಯೋಕೆ ಮುಂಚೇನೇ ಒತ್ತುತಾ ಇರ್ತೀರಲ್ವಾ, ಬೂದು ಇನ್ನೇನು ಮುಗೀಬೇಕು ಅನ್ನೋವಾಗ ಒತ್ತಿದ್ರೆ ಆಟ ಅದನ್ನ ನೆನಪಿಟ್ಕೊಳ್ಳುತ್ತೆ, ತಣಿದ ತಕ್ಷಣ ಬಿಟ್ಬಿಡುತ್ತೆ. ಅಯ್ಯೋ ದೇವರೇ, ಅಷ್ಟೂ ಸೋಲು ನನ್ನ ಒಂದು ಬೆರಳಿನದು, ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಬೆಳಗ್ಗೆ ಸಂಜೆ ಹೇಳಿದ್ದೇ ಬಂತು.

ಹಾಗೆಂದು ಕಾಯಲು ಬಾರದವಳೇ ನಾನು, ನನ್ನ ಕೆಲಸವೇ ಎಕ್ಸ್‌ರೇ ತೆಗೆಯುವುದು, ದಿನವಿಡೀ ಕಂಡವರಿಗೆಲ್ಲ ಅಲ್ಲಾಡಬೇಡಿ, ಉಸಿರು ಬಿಗಿಹಿಡೀರಿ, ಹಾಂ, ಬಿಡಿ, ಎನ್ನುವವಳು, ಯಂತ್ರದ ಟ್ಯೂಬು ಕಾದರೆ ಅದು ತಣಿಯುವ ತನಕ ಕೈ ಕಟ್ಟಿ ನಿಲ್ಲುತ್ತೇನೆ, ಹೊರಗೆ ಜನ ಎಷ್ಟೇ ಗೊಣಗಲಿ ಕದಲುವುದಿಲ್ಲ, ಅಲ್ಲಿ ನಾನು ಕಲ್ಲು, ಇಲ್ಲಿ ಮಾತ್ರ ಯಾಕೆ ಕುದಿಯುವ ಹಾಲು — ಯಾಕೆಂದರೆ ಅಲ್ಲಿ ಮುರಿದದ್ದನ್ನು ನೋಡುವುದಷ್ಟೇ ನನ್ನ ಪಾಲು. ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಮೊದಲು ಕಾಣುವುದು ನನಗೇ, ಕಂಡರೂ ಬಾಯಿ ಬಿಡುವ ಹಾಗಿಲ್ಲ, ಏನಾದ್ರೂ ಆಗಿದೆಯಾ ಮೇಡಂ, ಡಾಕ್ಟ್ರು ಹೇಳ್ತಾರೆ ಹೋಗಿ, ಅವರು ಹೋಗುತ್ತಾರೆ, ಆ ಮೂಳೆ ಕೂಡಿತೋ ಇಲ್ಲವೋ ನನಗೆ ಬಂದು ಹೇಳುವವರಾರು, ಕೂಡಿಸುವ ಕೈ ಯಾವಾಗಲೂ ಬೇರೆಯವರದು. ಇಲ್ಲಿ ಮಾತ್ರ ನಾನು ಕೈ ಎತ್ತಿದರೆ ಬಿದ್ದವನು ಏಳುತ್ತಾನೆ, ವಾರಕ್ಕೊಂದು ಮಧ್ಯಾಹ್ನ, ಹುಸಿ ಗುಹೆ, ಹುಸಿ ಗಾಯ, ಇರಲಿ, ಏಳುವುದನ್ನು ನೋಡುವ ಸುಖ ಹುಸಿಯಲ್ಲ, ಅದನ್ನೂ ಕಿತ್ತು ಆಫೀಸಿನವರಿಗೆ ಕೊಡುತ್ತಾರಂತೆ, ನನಗೆ ಬಿಲ್ಲಂತೆ, ಬೇಡ, ನನಗೆ ಬಿಲ್ಲು ಬೇಡ, ನನಗೆ ಇದೇ ಬೇಕು, ಬಾಯಿ ಬಿಟ್ಟು ಕೇಳಲು ನಾಚಿಕೆಯಾಯಿತೇ ಹೊರತು ಆಸೆಗೇನೂ ಕಡಿಮೆಯಿರಲಿಲ್ಲ.

ನೆರಳು ಮುಕ್ಕಾಲು ಸರಿಯಿತು, ಬೆರಳು ತೊಡೆಯ ಕೆಳಗೆ ಮಿಡುಕುತ್ತಿದೆ, ಸುಮ್ಮನಿರೇ, ಎಳೆಯಷ್ಟು ಬೂದು ಉಳಿದಿದೆ, ಈಗಲೇ ಮೋಸ ಹೋಗುವ ಹೊತ್ತು, ಸುಮ್ಮನಿರು — ಹೊಳೆಯಿತು. ಹೊಳೆಯಿತು, ಹಾರಿಹೋಗಲಿಲ್ಲ, ನನ್ನ ಸಂಜೀವಿನಿ ನನ್ನ ಬಳಿಯೇ ಇದೆ, ಕೈ ಹೊರಗೆಳೆದು ಗುಂಡಿಯ ಮೇಲೆ ಇಟ್ಟೆ, ಒತ್ತಲಿಲ್ಲ, ರಾಕ್ಷಸ ಮುಷ್ಟಿ ಎತ್ತಿದ, ಬಡಿದ, ತಮ್ಮನ ಗೆರೆ ಅರ್ಧಕ್ಕೆ, ಅಕ್ಕ ಒತ್ತಿ, ಒತ್ತಿ ಅಕ್ಕ, ಪಂಡಿತನ ಕೂಗು, ಇಲ್ಲ, ಮುಷ್ಟಿ ಆಯಿತು, ಬಾಲ ಬಾಕಿ, ಈಗ ಸುರಿದುಬಿಟ್ಟರೆ ಹಿಮಗಾಳಿಗೆ ನನ್ನ ಬಳಿ ಉಳಿಯುವುದು ಬೂದಿ, ಎಡಗೈಯಲ್ಲಿ ತಮ್ಮನಿಗೆ ಒಂದು ಮುಲಾಮು ಹಚ್ಚಿದೆ, ಅತ್ತಿಗೇ ನೋಡ್ತಾ ಕೂತಿದೀರಾ, ಆಗ ನನ್ನ ಗಂಟಲಿನಿಂದ ಆಸ್ಪತ್ರೆಯ ದನಿ ಎದ್ದು ಬಂತು, ಯಾರೂ ಅಲ್ಲಾಡಬೇಡಿ, ಉಸಿರು ಬಿಗಿಹಿಡೀರಿ, ಎರಡೂ ಮನೆಗಳ ಕೂಗು ಒಮ್ಮೆಗೇ ನಿಂತಿತು, ನಿಜಕ್ಕೂ ಹಿಡಿದರೋ ಏನೋ, ಬಾಲ ಬೀಸಿತು, ಇಡೀ ಗುಹೆ ಬೆಳ್ಳಗಾಯಿತು, ನಾದಿನಿಯ ಗೆರೆ ಕೆಂಪು, ಪಂಡಿತನದು ಕೆಂಪು, ತಮ್ಮನದು ಕೂದಲೆಳೆಯಷ್ಟು, ಇದೆಯೋ ಇಲ್ಲವೋ ಎಂಬಷ್ಟು, ಇದೆ, ನಾನು ಇಂಥದ್ದನ್ನು ಕಾಣದವಳೇ, ಇದೆ, ರಾಕ್ಷಸ ಹಿಮಗಾಳಿಗೆ ಬಾಯಿ ತೆರೆದ — ಹಾಂ, ಬಿಡಿ.

ಒತ್ತಿದೆ, ಒಂದೇ ಸಲ, ಬೆಳಕು ಸುರಿಯಿತು, ಮೂವರ ಗೆರೆಯೂ ಒಟ್ಟಿಗೇ ಏರಿತು, ಹಿಮಗಾಳಿ ಬೀಸಿತು, ಬೀಸಲಿ ಬಿಡು, ತುಂಬಿದ ಪ್ರಾಣಕ್ಕೆ ಅದೆಷ್ಟರದು, ಗುರಾಣಿ ಅಲುಗಲಿಲ್ಲ, ಊದಿ ಊದಿ ರಾಕ್ಷಸನೇ ಏದುಸಿರು ಬಿಡುತ್ತ ಮಂಡಿಯೂರಿದ, ಈಗ ತಣಿಯಬೇಕಾದವನು ಅವನು, ನಾವಲ್ಲ, ಹೊಡೀರಿ ಎಂದೆ, ನಾದಿನಿಯ ಬಾಣ, ಪಂಡಿತನ ಬೆಂಕಿ, ತಮ್ಮ ಗುರಾಣಿಯಿಂದಲೇ ಹಣೆಗೆ ಬಡಿದ, ಬೆಟ್ಟ ಕುಸಿದ ಹಾಗೆ ಬಿದ್ದ ನೋಡಿ, ಬಿದ್ದ, ಬಿದ್ದೇಬಿಟ್ಟ, ಕಿವಿಯ ತುಂಬ ಕಿರುಚಾಟ, ನಾನೂ ಕಿರುಚಿದೆ, ಎದ್ದು ನಿಂತೆ, ಕುರ್ಚಿ ಹಿಂದಕ್ಕೆ ಮಗುಚಿತು, ಅಕ್ಕ, ಆಫೀಸಿನೋರೂ ಬೇಡ ಯಾರೂ ಬೇಡ, ನೀವೇ ನಮ್ ಡಾಕ್ಟ್ರು, ಎನ್ನುತ್ತಿದ್ದಾನೆ ಪಂಡಿತ, ಅವನನ್ನು ಎರಡು ದಿನ ಆಡಿಕೊಳ್ಳಬೇಕು, ಬಿಡುವುದಿಲ್ಲ, ಅಕ್ಕಾ, ನಾನು ಹೋದೇ ಅಂದ್ಕೊಂಡಿದ್ದೆ ಕಣೇ, ಎನ್ನುತ್ತಿದ್ದಾನೆ ತಮ್ಮ, ಹೋಗಿದ್ದೆ ಕಣೋ, ನಾನು ನೋಡಿದೆನಲ್ಲ, ಉಳಿದದ್ದು ಅಷ್ಟೇ ಅಷ್ಟು, ಕೂದಲೆಳೆಯಷ್ಟು ಕೆಂಪು, ಆಮೇಲೆ ನನ್ನ ಕೈ, ಆಮೇಲೆ ಅದು ತುಂಬತೊಡಗಿತು, ಆ ಎಳೆ, ಕೆಂಪು ಹಸಿರಾಗುತ್ತ, ಅಂಚಿನ ತನಕ, ತುಂಬಿತು, ನಾನು ನೋಡಿದೆ, ತುಂಬಿತು —