ಗಾಳಿ ಮೇಷ್ಟ್ರ ಹೊಟ್ಟೆ

ಐಸಿಯುವಿನ ಮೂಲೆಯ ಹಾಸಿಗೆಯಲ್ಲಿ ಮಲಗಿದ್ದವರು ಸಾಮಾನ್ಯರಲ್ಲ. ಆ ಆಸ್ಪತ್ರೆಯ ಅರ್ಧಕ್ಕರ್ಧ ಸರ್ಜನ್ನರಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರು, ಅದೂ ಬೈದು ಬೈದೇ ಕಲಿಸಿದವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗಾಳಿ ಮೇಷ್ಟ್ರು ಅನ್ನುತ್ತಿದ್ದರು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದು, ಮಲ ಅಲ್ಲಿಂದಲೇ ಚೀಲಕ್ಕೆ ಬೀಳುವಂತೆ ಮಾಡುವ ಆಪರೇಷನ್ ಇದೆಯಲ್ಲ, ಅದರಲ್ಲಿ ಅವರದು ಒಂದೇ ಹಟ. ಸಣ್ಣ ತೂತಿನಿಂದ ಕರುಳನ್ನು ಎಳೆದುಕೊಂಡಾಗ ಯಾವುದು ಮೇಲಿನ ತುದಿ, ಯಾವುದು ಕೆಳಗಿನದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಎರಡೂ ಒಂದೇ ಥರ. ಅದಕ್ಕೇ ಗುದದಿಂದ ನಳಿಗೆ ಹಾಕಿ ಗಾಳಿ ಊದಬೇಕು. ಉಬ್ಬಿದ್ದು ಕೆಳಗಿನದು, ಅದನ್ನು ಮುಚ್ಚಿ ಒಳಗೆ ಬಿಡಬೇಕು. ಇನ್ನೊಂದನ್ನು ಹೊರಗೆ ತರಬೇಕು. ಊದದೆ ಹೊಲಿದವನ ಜನ್ಮ ಜಾಲಾಡದೆ ಅವರು ಬಿಟ್ಟದ್ದೇ ಇಲ್ಲ.

ಈಗ ಅವರಿಗೇ ಆ ಆಪರೇಷನ್ ಬೇಕಾಗಿತ್ತು. ಸಕ್ಕರೆ ಕಾಯಿಲೆಯ ಮೈ. ಕೂರುವ ಜಾಗದಲ್ಲಿ ಎದ್ದ ಕುರು ಕೊಳೆತು ಹರಡಿತ್ತು. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದ ಮೇಲೆ ಅಲ್ಲಿ ಮುಷ್ಟಿ ಹಿಡಿಸುವಷ್ಟು ಗುಂಡಿ. ಅದಕ್ಕೆ ಮಲ ತಾಗಿದಾಗಲೆಲ್ಲ ನಂಜು ರಕ್ತಕ್ಕೇರುತ್ತಿತ್ತು. ಪೂರ್ತಿ ಅರಿವಳಿಕೆ ಕೊಟ್ಟರೆ ಈ ಹೃದಯ ಮತ್ತೆ ಏಳುವುದಿಲ್ಲ ಎಂದು ಅರಿವಳಿಕೆಯ ಡಾಕ್ಟರು ಕೈ ಚೆಲ್ಲಿದರು. ಉಳಿದದ್ದು ಒಂದೇ ದಾರಿ. ಹಾಸಿಗೆಯ ಮೇಲೇ, ಹೊಟ್ಟೆಯ ಒಂದು ಕಡೆ ಮಾತ್ರ ಮರಗಟ್ಟಿಸಿ, ಎಚ್ಚರವಿರುವಾಗಲೇ ಮಾಡುವುದು.

ಕೆಲಸ ಬಿದ್ದದ್ದು ಅವರ ಹಳೆಯ ಶಿಷ್ಯನೊಬ್ಬನ ಮೇಲೆ. ಈಗ ಅವನೇ ವಿಭಾಗದ ಮುಖ್ಯಸ್ಥ, ತಲೆ ನರೆತವನು. ಮೇಷ್ಟ್ರಿಗೆ ಮಾತ್ರ ಅವನು ಇನ್ನೂ ಗೂಬೆಯೇ.

"ನೀನೇ ಮಾಡ್ತೀಯೇನೋ ಗೂಬೆ? ಹಾಗಾದ್ರೆ ನನ್ನ ಕಥೆ ಮುಗೀತು ಬಿಡು," ಎಂದು ಮೇಷ್ಟ್ರು ನಕ್ಕಿದ್ದರು. ಆ ನಗೆಗೇ ಅವರಿಗೆ ಏದುಸಿರು ಬಂತು.

ಕರುಳನ್ನು ಎಳೆದದ್ದೇನೋ ಸಲೀಸಾಗಿಯೇ ಆಯಿತು. ಆದರೆ ಮೇಷ್ಟ್ರ ಹೊಟ್ಟೆಯ ಕೊಬ್ಬು ದಪ್ಪ, ಕರುಳಿನ ಮಡಿಕೆ ಹಾಗೇ ಇಡಿಯಾಗಿ ಹೊರಗೆ ಬರಲೊಲ್ಲದು. ಕತ್ತರಿಸಿ ಒಂದೇ ತುದಿಯನ್ನು ತರಬೇಕಾಯಿತು. ಈಗ ಗಾಳಿ ಊದಬೇಕು. ಊದಬೇಕೆಂದರೆ ಅವರನ್ನು ಮಗ್ಗುಲಿಗೆ ಹೊರಳಿಸಬೇಕು, ಹಸಿ ಗುಂಡಿಯ ಡ್ರೆಸ್ಸಿಂಗ್ ಬಿಚ್ಚಬೇಕು, ಆ ಮಾಂಸವನ್ನು ಸವರಿಕೊಂಡೇ ನಳಿಗೆ ತೂರಿಸಬೇಕು. ಹಿಂದಿನ ದಿನ ಡ್ರೆಸ್ಸಿಂಗ್ ಬದಲಿಸುವಾಗ ಅವರು ಕಿರುಚಿದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಮಾನಿಟರಿನಲ್ಲಿ ಬಿಪಿ ಇಳಿಯುತ್ತಿತ್ತು. ಪಾಪ, ಅವನ ಕರುಳು ಚುರುಕ್ ಅಂದಿತು. ಇಷ್ಟು ವರ್ಷದ ಕೈ, ಗೊತ್ತಾಗುವುದಿಲ್ಲವೇ ಎಂದುಕೊಂಡ. ಒಂದು ತುದಿಯನ್ನು ಮುಚ್ಚಿ ಒಳಗೆ ಬಿಟ್ಟ, ಇನ್ನೊಂದನ್ನು ಚರ್ಮಕ್ಕೆ ಹೊಲಿದ.

ಅರೆಮಂಪರಿನಲ್ಲಿದ್ದ ಮೇಷ್ಟ್ರು ಕೇಳಿದರು, "ಗಾಳಿ ಹಾಕಿದ್ಯೇನೋ?"

"ಹಾಕ್ದೆ ಸರ್."

ಮೇಷ್ಟ್ರು ಅವನ ಮುಖವನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಶುರುವಾಯಿತು ಚೀಲ ಕಾಯುವ ಕೆಲಸ. ಅಷ್ಟು ಹೊತ್ತೂ ಪರದೆಯಾಚೆ ಕೂತಿದ್ದ ಮೇಷ್ಟ್ರ ಹೆಂಡತಿ ಸ್ಟೂಲು ಎಳೆದುಕೊಂಡು ಅದರ ಮುಂದೆಯೇ ಕೂತುಬಿಟ್ಟರು. "ಮದುವೆಯಾದಾಗಿನಿಂದ ಊಟಕ್ಕೆ ಕೂತರೆ ಇವರದ್ದು ಕರುಳಿನ ಮಾತೇ ಕಣಪ್ಪಾ. ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಟ್ಟವರಲ್ಲ. ಈಗ ನೋಡು, ಹೇಸಿಗೆ ಯಾವಾಗ ಬರುತ್ತೋ ಅಂತ ಬಾಯಿ ಬಿಟ್ಕೊಂಡು ಕೂತಿದೀನಿ," ಎಂದು ಅವನಿಗೆ ಹೇಳಿ ನಕ್ಕರು.

ಬರಲಿಲ್ಲ. ಚೀಲಕ್ಕೆ ಒಂದಿಷ್ಟು ಲೋಳೆ ಇಳಿಯಿತು, ಅಷ್ಟೇ. ಕರುಳು ಏಳಲು ಸಮಯ ಬೇಕು ಎಂದು ಅವನು ಎಲ್ಲರಿಗೂ ಹೇಳಿದ, ತನಗೂ ಹೇಳಿಕೊಂಡ. ಮರುದಿನ ಹೊಟ್ಟೆ ಬಿಗಿಯಿತು. ಅದರ ಮರುದಿನ ಡೋಲಿನಂತೆ ಉಬ್ಬಿ, ಉಸಿರಿಗೇ ಜಾಗವಿಲ್ಲದಾಯಿತು. ಅವನು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ. ಮೇಲಿನ ಕರುಳು ಮುಚ್ಚಿದ ತುದಿಯವರೆಗೂ ಊದಿಕೊಂಡು ನಿಂತಿತ್ತು. ಹೊರಗೆ ಹೊಲಿದದ್ದು ಕೆಳಗಿನದು.

ಅವನು ಪರದೆ ಎಳೆದು ಮೇಷ್ಟ್ರ ಕಿವಿಯ ಬಳಿ ಬಗ್ಗಿದ. "ಸರ್, ನಾನು ಗಾಳಿ ಹಾಕಿರಲಿಲ್ಲ."

"ಗೊತ್ತು," ಎಂದರು ಮೇಷ್ಟ್ರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ನನ್ನ ಮೈ ಕಣೋ. ಹಾಕಿದ್ರೆ ಪ್ರಾಣ ಹೋಗೋ ಹಾಗೆ ನೋಯ್ತಿತ್ತು. ನೋಯಲಿಲ್ಲ."

"ಮತ್ತೆ ಯಾಕೆ ಸರ್ ಸುಮ್ಮನಿದ್ರಿ?"

"ನಂಗೂ ಭಯ ಆಯ್ತು ಕಣೋ, ಆ ನೋವಿಗೆ. ಸದ್ಯ ತಪ್ಪಿತು ಅನ್ನಿಸ್ತು." ಅವರ ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯಿತು. "ಈಗ ಹಾಕು. ಈ ಸಲ ಊಹೆ ಬೇಡ. ಕೂಗಿದ್ರೂ ನಿಲ್ಲಿಸ್ಬೇಡ."

ಅದೇ ಹಾಸಿಗೆ, ಅದೇ ತೂತು. ಈ ಸಲ ಹೊರಳಿಸಿದರು, ಬಿಚ್ಚಿದರು, ನಳಿಗೆ ತೂರಿಸಿದರು. ಮೇಷ್ಟ್ರು ಕೂಗಿದ ಕೂಗು ಪರದೆಯಾಚೆಯ ಹಾಸಿಗೆಗಳನ್ನೆಲ್ಲ ಮುಟ್ಟಿತು. ಗಾಳಿ ಊದಿದೊಡನೆ ಹೊರಗಿದ್ದ ತುದಿಯಿಂದ ಗುಳುಗುಳು ಎಂದು ಗುಳ್ಳೆ ಎದ್ದವು. ಅವನು ಹೊಲಿಗೆ ಬಿಚ್ಚಿ, ಒಳಗೆ ಅಡಗಿದ್ದ ಇನ್ನೊಂದು ತುದಿಯನ್ನು ಹುಡುಕಿ ತಂದು ತೆರೆದ. ಕಟ್ಟಿಕೊಂಡದ್ದೆಲ್ಲ ಭರ್‍ರೆಂದು ಬಂತು. ಅವನ ಕೈ, ಗೌನು, ನೆಲ ಎಲ್ಲ ಹೊಲಸಾಯಿತು. ಅಷ್ಟು ಸಂತೋಷದ ನಾತ ಆ ಕೋಣೆಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಆದರೆ ಕಾಲ ಮೀರಿತ್ತು. ಬಿಗಿದ ಹೊಟ್ಟೆ ಮೂತ್ರಪಿಂಡಗಳನ್ನು ಅದಾಗಲೇ ಕೆಡಿಸಿತ್ತು, ನಂಜು ಮೈಯೆಲ್ಲ ಏರಿತ್ತು. ಮರುದಿನ ಬೆಳಗ್ಗೆ, ನರ್ಸು ತುಂಬಿದ ಚೀಲವನ್ನು ಬದಲಿಸುತ್ತಿದ್ದಾಗಲೇ, ಮೇಷ್ಟ್ರ ಉಸಿರು ನಿಂತಿತು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ, ಶಿಷ್ಯರಿಗೆಲ್ಲ ಅಮ್ಮ, ಎದುರು ನಿಂತ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೀನು ಮಾಡೋದೆಲ್ಲ ಮಾಡ್ದೆ ಕಣಪ್ಪಾ. ಸ್ವಂತ ಮಗನೂ ಇಷ್ಟು ಮಾಡ್ತಿರಲಿಲ್ಲ."

ಸುಮ್ಮನಿದ್ದುಬಿಡಬಹುದಿತ್ತು. ಕೇಳುವವರು ಯಾರಿದ್ದರು? ಆದರೆ ಆ ಕೈಯ ಬಿಸಿಯನ್ನು ಅವನಿಂದ ತಡೆಯಲಾಗಲಿಲ್ಲ.

"ಅಮ್ಮಾ, ಮೊದಲನೇ ಸಲ ನಾನು ಗಾಳಿ ಹಾಕಲಿಲ್ಲ."

ಬೇರೆ ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತಿತ್ತು. ಇವರಿಗೆ ಬೇಕಾಗಲಿಲ್ಲ. ಮೆಲ್ಲಗೆ ಕೈ ಬಿಟ್ಟು ಸೆರಗಿಗೆ ಒರೆಸಿಕೊಂಡರು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನೋವಿಗೆ ಹೆದರಿ ಸುಮ್ಮನಿದ್ರಂತೆ."

ಅಲ್ಲಿಯವರೆಗೆ ಅಳದಿದ್ದ ಅಮ್ಮ ಆಗ ಅತ್ತರು, ಸಿಟ್ಟಿನಿಂದ, ಬೆಂಚಿಗೆ ಕೈ ಬಡಿದು.

"ಅಯ್ಯೋ, ಇಬ್ಬರೂ ಸೇರ್ಕೊಂಡು ಬಾಯಿ ಮುಚ್ಕೊಂಡ್ರಲ್ಲೋ! ಆ ಪರದೆ ಆಚೆನೇ ಕೂತಿದ್ದೆ. ನನ್ನ ಒಂದು ಮಾತು ಕೇಳಬಾರದಿತ್ತಾ? ನಾನು ಅವರ ಕೈ ಹಿಡ್ಕೊಂಡು ಹಾಕಿಸ್ತಿದ್ದೆನಲ್ಲೋ!"

ಅವನು ಅಲ್ಲೇ ನಿಂತಿದ್ದ. ಕೂರು ಅಂತ ಅವರು ಹೇಳಲಿಲ್ಲ.