ಕಲ್ಲು ತಣ್ಣಗಿರುತ್ತೆ

ಮೊರದ ಗೋಧಿಯಲ್ಲಿ ಬೆರಳಿಗೆ ಮೂರನೆಯ ಕಲ್ಲು ಸಿಕ್ಕಿತು. ನೆವೆನಾ ಅದನ್ನು ಪಕ್ಕಕ್ಕಿಟ್ಟಳು. ಇನ್ನೂ ಅರ್ಧ ಮೊರ ಬಾಕಿ. ಎದುರಿಗೆ ಗಂಡನ ಅಕ್ಕ ಡೊಬ್ರಿಂಕಾ ಕುಳಿತಿದ್ದಳು. ಹೊಗೆಸೊಪ್ಪಿನ ಗೋದಾಮಿನಲ್ಲಿ ನೆವೆನಾಳ ಮೇಲ್ವಿಚಾರಕಿಯೂ ಅವಳೇ. ಒಳಕೋಣೆಯ ಶವಪೆಟ್ಟಿಗೆಯಲ್ಲಿ ಆ ಮನೆಯ ಒಡತಿ, ನೆವೆನಾಳ ಚಿಕ್ಕಮ್ಮ ಗಿನ್ಕಾ ಮಲಗಿದ್ದಳು.

"ಕೈ ಬೇಗ ಓಡಿಸು. ಪಾದ್ರಿ ಹನ್ನೆರಡಕ್ಕೆ ಬರ್ತಾರೆ, ಇದಿನ್ನೂ ಬೇಯಬೇಕು."

"ಆಯ್ತು ಅತ್ತಿಗೆ."

ಸಮಾಧಿಯ ಬಳಿ ಹಂಚುವ ಗೋಧಿಯಲ್ಲಿ ಯಾರ ಹಲ್ಲಿಗೆ ಕಲ್ಲು ಸಿಕ್ಕುತ್ತದೋ ಅವರ ಮನೆಯಲ್ಲೇ ಮುಂದಿನ ಸಾವು ಎಂದು ಊರಿನ ನಂಬಿಕೆ. ನಲವತ್ತು ವರ್ಷ ಪ್ರತಿ ಸಾವಿಗೂ ಗಿನ್ಕಾಳೇ ಗೋಧಿ ಆರಿಸಿದ್ದಳು; ಯಾರ ಹಲ್ಲಿಗೂ ಒಂದು ಕಲ್ಲೂ ಸಿಕ್ಕಿರಲಿಲ್ಲ. ಇವತ್ತು ಆ ಕೆಲಸ ನೆವೆನಾಳ ಪಾಲಿಗೆ ಬಂದಿತ್ತು. ಕಣ್ಣು ಮಂಜಾಗುತ್ತಿದೆ, ಇನ್ನು ಸರಿಹೋಗುವುದಿಲ್ಲ ಎಂದು ವೈದ್ಯರು ಹೇಳಿದ್ದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಡೊಬ್ರಿಂಕಾಗೆ ತಿಳಿದರೆ ಎಲೆ ವಿಂಗಡಿಸುವ ಕೆಲಸ ಹೋದ ಹಾಗೇ. ಭಯಕ್ಕೆ ಬೆರಳು ಬೆವರುತ್ತಿತ್ತು. ಬೆವರಿದ ಬೆರಳಿಗೆ ಕಾಳೂ ಒಂದೇ, ಕಲ್ಲೂ ಒಂದೇ.

*

ನೆವೆನಾ ಆರು ವರ್ಷದವಳಿದ್ದಾಗ ಚಿಕ್ಕಮ್ಮ ಅವಳ ಕಣ್ಣಿಗೆ ತಲೆವಸ್ತ್ರ ಕಟ್ಟಿ ಕಲ್ಲು ಬೆರೆತ ಗೋಧಿಯ ಬಟ್ಟಲು ಮುಂದಿಟ್ಟಿದ್ದಳು. ಹುಡುಗಿ ಉರುಟಾದದ್ದೆಲ್ಲ ಒಂದು ಕಡೆ, ಉದ್ದನೆಯದೆಲ್ಲ ಒಂದು ಕಡೆ ಹಾಕಿದಳು. ಗಿನ್ಕಾ ನಕ್ಕಳು.

"ಮಕ್ಕಳೆಲ್ಲ ಹೀಗೇ ಕಣೇ, ಆಕಾರಕ್ಕೆ ಮೋಸ ಹೋಗ್ತಾರೆ. ಗೋಧಿಯಷ್ಟೇ ಉದ್ದದ ಕಲ್ಲು ಇರಲ್ವಾ? ಅನುಮಾನ ಬಂದ್ರೆ ತುಟಿಗೆ ಒತ್ತು. ಕಲ್ಲು ತಣ್ಣಗಿರುತ್ತೆ."

*

ನೆವೆನಾ ಕೈ ಒರೆಸಿಕೊಂಡು ಅನುಮಾನದ ಕಾಳನ್ನು ತುಟಿಗೆ ಒತ್ತಿದಳು. ತಣ್ಣಗಿತ್ತು.

"ಅದೇನೇ, ಗೋಧಿಗೆ ಮುತ್ತು ಕೊಡ್ತಿದೀಯ?" ಡೊಬ್ರಿಂಕಾ ಎದ್ದಳು. "ಈ ಕತ್ತಲಲ್ಲಿ ನಿಂಗೇನು ಕಾಣುತ್ತೆ?" ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ. ಸ್ಟೂಲು ಹತ್ತಿ ಕೈಯಾಡಿಸಿದಳು. "ಬಲ್ಬೇ ಇಲ್ಲ. ಜೇಡ ಬಲೆ ಕಟ್ಟಿದೆ."

ಕೈಗಂಟಿದ ಬಲೆ ಒರೆಸಿಕೊಳ್ಳುತ್ತ ಕೆಳಗಿಳಿದಳು.

"ಹೋದ ಚಳಿಗಾಲ ನಮ್ಮೆಜಮಾನ್ರು ತೀರಿಕೊಂಡಾಗ ಗಿನ್ಕಾ ಗೋಧಿ ಆರಿಸಿದ್ದೂ ಇಲ್ಲೇ, ಸಂಜೆ ಹೊತ್ತು. ದೀಪ ಯಾಕೆ ದಂಡಕ್ಕೆ ಅಂದ್ಳು. ಜಿಪುಣಿ ಅಂದ್ಕೊಂಡಿದ್ದೆ."

ಚಿಕ್ಕಮ್ಮನಿಗೂ ಕಾಣುತ್ತಿರಲಿಲ್ಲ ಎಂದು ನೆವೆನಾಗೆ ಆಗ ಹೊಳೆಯಿತು. ಅವಳು ತಲೆ ಎತ್ತದೆ ಆರಿಸಿದಳು.

*

ಮಣ್ಣು ಹಾಕಿದ ಮೇಲೆ ನೆವೆನಾ ಪಾತ್ರೆ ಹಿಡಿದು ನಿಂತಳು. ಡೊಬ್ರಿಂಕಾ ತಾನೇ ಮೊದಲ ಚಮಚ ತೆಗೆದುಕೊಂಡು ಒಂದೊಂದೇ ಕಾಳು ಅಗಿದಳು. ನೆವೆನಾಳ ಜೀವವೆಲ್ಲ ಆ ಹಲ್ಲುಗಳ ಸದ್ದಿನಲ್ಲಿತ್ತು.

"ದೇವರು ಅವಳನ್ನ ಕ್ಷಮಿಸಲಿ." ಸತ್ತವರಿಗೆ ಹೇಳುವ ಮಾತು ಹೇಳಿ ಡೊಬ್ರಿಂಕಾ ನುಂಗಿದಳು. ಚಮಚ ವಾಪಸು ಕೊಟ್ಟು ಅಂಗೈ ಚಾಚಿದಳು. "ಇನ್ನೊಂದು ಹಾಕು."

ಹಿಮದ ಮೇಲೆ ಬಿಸಿಲು ಬಿದ್ದು ಎಲ್ಲ ಬರೀ ಬೆಳ್ಳಗಿತ್ತು. ನೆವೆನಾ ನೀಡಿದ ಚಮಚ ಅಂಗೈಯಿಂದ ಗೇಣುದ್ದ ಆಚೆ ನಿಂತಿತು.

ಡೊಬ್ರಿಂಕಾ ಸುತ್ತ ಒಮ್ಮೆ ನೋಡಿದಳು. ಆಮೇಲೆ ತನ್ನ ಅಂಗೈಯನ್ನೇ ಚಮಚದ ಕೆಳಗೆ ಸರಿಸಿದಳು.